ಗೋಡುಮಣ್ಣಿನ ಲೆಕ್ಕ

ಹಾವೇರಿ ಸೀಮೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಗುಡಿಯಿಂದ ಶುರು ಮಾಡುತ್ತಾರೆ. ಹಾವೇರಿಯ ಸಿದ್ಧೇಶ್ವರ, ವರದಾ ತುಂಗಭದ್ರೆಯರು ಕೂಡುವಲ್ಲಿನ ಗಳಗನಾಥ, ರಾಣೇಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ. ಅವುಗಳ ಶಿಲ್ಪ, ಅಂಗಳದ ಶಾಸನ, ಶಾಸನದಿಂದ ಅರಸರ ವಂಶಾವಳಿ, ಹೀಗೆ ಸಾಗುತ್ತದೆ ದಾರಿ. ನಾನೂ ಆ ದಾರಿಯಲ್ಲೇ ಹೊರಟವನು. ಆದರೆ ಗುಡಿಗೆ ಬಿಟ್ಟ ಭೂಮಿಯ ಎಲ್ಲೆ ಓದುತ್ತ ಹೋದಂತೆ ಮತ್ತೆ ಮತ್ತೆ ಎದುರಾಗುವುದು ಕೆರೆ. ಕೆರೆಯ ಕೆಳಗಿನ ಗದ್ದೆ, ಕೆರೆಯ ಮೂಡಣ ಕೋಡಿ, ಕೆರೆಯ ಏರಿ. ಹಾಗಾಗಿ ಈ ಸಲ ಗುಡಿಯನ್ನು ಬಿಟ್ಟು ಕೆರೆಗೆ ಇಳಿಯೋಣ ಎನಿಸಿತು. ಕೆರೆಯಲ್ಲೂ ನೀರಿನ ಕತೆಯನ್ನು ಸಾಕಷ್ಟು ಜನ ಹೇಳಿದ್ದಾರೆ. ನನ್ನ ಕುತೂಹಲ ಅದರ ತಳದಲ್ಲಿ ಕೂರುವ ಗೋಡಿನ ಬಗ್ಗೆ.

ಗೋಡು ಎಂದರೆ ಮಳೆನೀರಿನೊಂದಿಗೆ ಹರಿದುಬಂದು ಕೆರೆಯಲ್ಲಿ ತಂಗಿದ ಮೆತ್ತನೆಯ ಮಣ್ಣು. ಸರಕಾರಿ ಭಾಷೆಯಲ್ಲಿ ಇದು ಹೂಳು. ಎರಡೂ ಒಂದೇ ವಸ್ತುವಾದರೂ ಎರಡು ಮಾತಿನ ಹಿಂದೆ ಎರಡು ದೃಷ್ಟಿಯಿದೆ. ಹೂಳು ಎಂದವನಿಗೆ ಅದು ನೀರಿನ ಜಾಗ ತಿಂದ ಕಸ, ಎತ್ತಿ ಹೊರಗೆ ಹಾಕಬೇಕು. ಗೋಡು ಎಂದ ರೈತನಿಗೆ ಅದು ಗೊಬ್ಬರ, ಹೊಲಕ್ಕೆ ಹೇರಬೇಕು. ‘ಕೆರೆಗೆ ಹಾರ’ದ ಭಾಗೀರಥಿ ಪ್ರಾಣ ಕೊಟ್ಟದ್ದು ನೀರಿಗಾಗಿ. ಗೋಡು ಎತ್ತುವ ಕೆಲಸದ ಮೇಲೆ ಅಷ್ಟು ಪ್ರಸಿದ್ಧವಾದ ಕಥನಗೀತೆ ನಮ್ಮಲ್ಲಿಲ್ಲ. ಬೇಸಿಗೆ ಬಂದಾಗಲೆಲ್ಲ ಮಾಡಲೇಬೇಕಾದ, ಯಾರ ಬಲಿಯನ್ನೂ ಬೇಡದ ಕೆಲಸಕ್ಕೆ ಕತೆ ಕಟ್ಟುವುದು ಕಷ್ಟವೇನೋ.

ಮೊದಲು ಈ ನೆಲದ ಬಗ್ಗೆ ಎರಡು ಮಾತು. ಪಶ್ಚಿಮದ ಹಾನಗಲ್ಲ ಕಡೆ ಮಲೆನಾಡಿನ ಸೆರಗು. ಅಲ್ಲಿಂದ ಮೂಡಣಕ್ಕೆ ಹಾವೇರಿ, ಬ್ಯಾಡಗಿ ದಾಟಿ ರಾಣೇಬೆನ್ನೂರಿಗೆ ಬರುವಷ್ಟರಲ್ಲಿ ಮಳೆ ಇಳಿಯುತ್ತದೆ, ಬಯಲು ತೆರೆದುಕೊಳ್ಳುತ್ತದೆ. ತುಂಗಭದ್ರಾ, ವರದಾ, ಕುಮುದ್ವತಿ ಹರಿಯುತ್ತವಾದರೂ ದಂಡೆಯ ಊರುಗಳನ್ನು ಬಿಟ್ಟರೆ ಒಳನಾಡು ಬದುಕಿದ್ದು ಕೆರೆಗಳ ಮೇಲೆ. ಹಾವೇರಿಯ ಹೆಗ್ಗೆರೆ, ರಾಣೇಬೆನ್ನೂರಿನ ದೊಡ್ಡಕೆರೆ, ಕನಕದಾಸರ ಕಾಗಿನೆಲೆಯ ಕೆರೆ ಎಲ್ಲರೂ ಬಲ್ಲಂಥವು. ಹೆಸರು ಊರಾಚೆ ಹೋಗದ ಸಣ್ಣ ಕೆರೆ, ಕಟ್ಟೆಗಳಿಗೆ ಲೆಕ್ಕವಿಲ್ಲ. ಮಣ್ಣಿನಲ್ಲಿ ಎರಡು ಜಾತಿ, ಎರೆ ಮತ್ತು ಮಸಾರಿ. ಕಪ್ಪು ಎರೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಕೆಂಪು ಮಸಾರಿ ಹಗುರ, ಬೇಗ ಹದಕ್ಕೆ ಬರುತ್ತದೆ, ಅಷ್ಟೇ ಬೇಗ ಒಣಗುತ್ತದೆ. ರಾಗಿಯೂ ಭತ್ತವೂ ತಮ್ಮಲ್ಲಿ ಯಾರು ಹೆಚ್ಚೆಂದು ರಾಮನ ಮುಂದೆ ಜಗಳವಾಡುವ ‘ರಾಮಧಾನ್ಯ ಚರಿತೆ’ಯನ್ನು ಬರೆದ ಕವಿಯ ನೆಲೆ ಇದು. ಕೆರೆಯ ಕೆಳಗೆ ಭತ್ತ, ಮೇಲಿನ ಮಸಾರಿಯಲ್ಲಿ ಒಣಬೇಸಾಯದ ಧಾನ್ಯ ಎಂಬ ಹಂಚಿಕೆಯನ್ನು ಕಂಡವನಿಗೆ ಆ ಜಗಳ ಬರಿಯ ರೂಪಕವಾಗಿ ಕಾಣಲಾರದು.

ಮಣ್ಣಿನ ಬಲವನ್ನು ಈಗಿನ ವಿಜ್ಞಾನ ಅಳೆಯುವ ಒಂದು ಮಾನದಂಡ ಸಾವಯವ ಇಂಗಾಲ. ಗಿಡ ಗಾಳಿಯಿಂದ ಇಂಗಾಲ ಹೀರಿ ಬೇರು, ಎಲೆ, ಕಾಂಡ ಕಟ್ಟುತ್ತದೆ. ಅವು ಕೊಳೆತು ಮಣ್ಣು ಸೇರುತ್ತವೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಮತ್ತೆ ಗಾಳಿಗೆ ಬಿಡುತ್ತವೆ. ಸೇರುವುದು ಹೆಚ್ಚೋ ಬಿಡುವುದು ಹೆಚ್ಚೋ ಎಂಬುದರ ಮೇಲೆ ಮಣ್ಣಿನ ಭವಿಷ್ಯ ನಿಂತಿದೆ. ನಮ್ಮಂಥ ಬಿಸಿಲಿನ ನಾಡಿನಲ್ಲಿ, ಪದೇ ಪದೇ ಉಳುವ ಹೊಲದಲ್ಲಿ ಬಿಡುವುದೇ ಹೆಚ್ಚು. ಆದರೆ ನೀರು ನಿಂತಲ್ಲಿ ಗಾಳಿ ಆಡುವುದಿಲ್ಲ, ಕೊಳೆಯುವುದು ನಿಧಾನವಾಗುತ್ತದೆ, ಇಂಗಾಲ ಉಳಿಯುತ್ತದೆ. ಯುರೋಪಿನ ತಗ್ಗುನಾಡುಗಳಲ್ಲಿ ಹೀಗೆ ಸಾವಿರಾರು ವರ್ಷ ಕೂಡಿಬಿದ್ದ ಕಪ್ಪು ನೆಲಕ್ಕೆ ಪೀಟ್ ಎನ್ನುತ್ತಾರೆ. ಇಂಗ್ಲೆಂಡಿನ ಫೆನ್ಸ್ ಪ್ರದೇಶದವರು ಆ ಜೌಗಿನ ನೀರು ಬಸಿದು ಗೋಧಿ ಬೆಳೆದರು. 1851ರಲ್ಲಿ ಹೋಮ್ ಫೆನ್ ಎಂಬಲ್ಲಿ ಒಂದು ಕಬ್ಬಿಣದ ಕಂಬವನ್ನು ಅದರ ತಲೆ ನೆಲಮಟ್ಟಕ್ಕೆ ಬರುವಂತೆ ಹೂತಿದ್ದರು. ಇಂದು ಆ ಕಂಬ ನೆಲದಿಂದ ಸುಮಾರು 4 ಮೀಟರ್ ಮೇಲೆ ನಿಂತಿದೆ. ಕಂಬ ಎದ್ದದ್ದಲ್ಲ, ನೆಲ ಕುಸಿದದ್ದು. ಗಾಳಿ ತಾಗಿದ ಪೀಟ್ ಕುಗ್ಗಿತು, ಉಳಿದದ್ದು ಕರಗಿ ಗಾಳಿಗೆ ಹೋಯಿತು. ಕೇರಳದ ಕುಟ್ಟನಾಡಿನಲ್ಲಿ, ಸಮುದ್ರಮಟ್ಟಕ್ಕಿಂತ ಕೆಳಗಿನ ‘ಕರಿ’ ಗದ್ದೆಗಳಲ್ಲಿ ಇದರ ನೆಂಟ ಮಣ್ಣಿದೆ.

ಹಾವೇರಿಯಲ್ಲಿ ಅಂಥ ಜೌಗುನೆಲವಿಲ್ಲ. ಇಲ್ಲಿ ನೀರು ನಿಲ್ಲುವ ತಗ್ಗನ್ನು ಮನುಷ್ಯರೇ ಕಟ್ಟಿದರು, ಅದೇ ಕೆರೆ. ಮೇಲಿನ ಗೋಮಾಳ, ಗುಡ್ಡ, ಹೊಲಗಳಿಂದ ಕೊಚ್ಚಿಬಂದ ಮೇಲ್ಮಣ್ಣು, ಸಗಣಿ, ತರಗೆಲೆ ಅಲ್ಲಿ ಬಂದು ನಿಲ್ಲುತ್ತವೆ. ನೀರು ಒಳಬರುವ ಬಾಯಲ್ಲಿ ಉಸುಕು ಕೂರುತ್ತದೆ. ನುಣುಪಾದ ಜೇಡಿ ಏರಿಯ ಹತ್ತಿರದ ಆಳಕ್ಕೆ ಹೋಗಿ ಕೂರುತ್ತದೆ. ಮಸಾರಿ ಹೊಲದವನು ಬೇಸಿಗೆಯಲ್ಲಿ ಗಾಡಿ ಹೂಡಿ ಹೋಗುತ್ತಿದ್ದುದು ಈ ಜೇಡಿಗೆ. ಎರೆ ಹೊಲಕ್ಕೆ ಅದರಿಂದ ಅಂಥ ಲಾಭವಿಲ್ಲ, ಅಂಟಿಗೆ ಅಂಟು ಕೂಡಿಸಿದಂತಾಗುತ್ತದೆ. ಹೀಗೆ ಹೊಲ ಕಳೆದುಕೊಂಡದ್ದನ್ನು ಕೆರೆ ಹಿಡಿದಿಡುತ್ತಿತ್ತು, ಕೆರೆ ಹಿಡಿದದ್ದನ್ನು ಗಾಡಿ ಹೊಲಕ್ಕೆ ಮರಳಿಸುತ್ತಿತ್ತು. ಈ ಸುತ್ತಿಗೆ ಎತ್ತು ಬೇಕು, ಆಳು ಬೇಕು, ಬಿಡುವು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಯಾರು ಎಷ್ಟು ಎತ್ತಬಹುದು ಎಂಬ ಕಟ್ಟಳೆ ಬೇಕು.

ಈ ಕಟ್ಟಳೆಯ ಕುರುಹು ಶಾಸನಗಳಲ್ಲಿ ಧಾರಾಳವಾಗಿದೆ. ಕರ್ನಾಟಕದ ಶಾಸನಗಳಲ್ಲಿ ಬರುವ ‘ಬಿತ್ತುವಟ್ಟ’, ‘ದಶವಂದ’, ‘ಕೆರೆಗೊಡಗೆ’ ಎಂಬ ಮಾತುಗಳನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡಿರುತ್ತಾರೆ. ಕೆರೆನೀರಿನಿಂದ ಬೆಳೆದದ್ದರಲ್ಲಿ ಒಂದು ಪಾಲು ಕೆರೆಗೇ ಹೋಗಬೇಕು, ಕೆರೆ ಕಟ್ಟಿದವನಿಗೆ ಅಥವಾ ನೋಡಿಕೊಳ್ಳುವವನಿಗೆ ಭೂಮಿ ಸಲ್ಲಬೇಕು ಎಂಬುದು ಇವುಗಳ ಸಾರ. ಅಷ್ಟಾಗಿ ಪ್ರಚಾರವಿಲ್ಲದ ಇನ್ನೊಂದು ಮಾತು ‘ಕೆರೆಯ ಬಂಡಿ’. ಹೂಳು ಹೊರಲು ಒಂದು ಬಂಡಿ, ಅದನ್ನೆಳೆಯಲು ಕೋಣ, ಹೊಡೆಯುವವನ ಜೀವನಕ್ಕೆ ಒಂದಿಷ್ಟು ಭೂಮಿ, ಇದು ಶಾಶ್ವತ ದತ್ತಿ. ನನಗೆ ಬಹಳ ಮೆಚ್ಚುಗೆಯಾದ ದತ್ತಿ ಇದು. ಕೆರೆ ಕಟ್ಟಿಸಿ ಹೆಸರು ಕೆತ್ತಿಸಿಕೊಳ್ಳುವುದು ಸುಲಭ. ಇನ್ನೂರು ವರ್ಷದ ಮೇಲೆ ಅದರ ಕೆಸರು ಎತ್ತುವವನಿಗೆ ಇಂದೇ ಅನ್ನ ಇಡುವುದು ಬೇರೆಯೇ ಜಾತಿಯ ಬುದ್ಧಿ. 1369ರ ಪೋರುಮಾಮಿಳ್ಳ ಶಾಸನ ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನು ಹೇಳುತ್ತದೆ. ಅದು ಆಂಧ್ರದ ಕಡಪ ಜಿಲ್ಲೆಯದಾದರೂ ಬರೆಸಿದ್ದು ವಿಜಯನಗರದ ರಾಜಕುಮಾರ. ಕೆರೆಯೆಂಬುದು ಆ ಹೊತ್ತಿಗೆ ಒಂದು ಶಾಸ್ತ್ರವೇ ಆಗಿತ್ತು.

ಶಾಸ್ತ್ರವಿದ್ದೂ ಕೆರೆ ಒಡೆಯುತ್ತದೆ. ನಮ್ಮ ಜಿಲ್ಲೆಯಲ್ಲೇ ಮಾಸೂರಿನ ಹತ್ತಿರ ಎರಡು ಗುಡ್ಡಗಳ ನಡುವೆ ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ್ದ ಮದಗದ ಕೆರೆ ಅಂಥದ್ದು. ವಿಜಯನಗರದ ಕಾಲದ್ದೆಂದು ಪ್ರತೀತಿ. 1884ರ ಧಾರವಾಡ ಗ್ಯಾಜೆಟಿಯರು ಅದರ ಏರಿಯ ಗಾತ್ರ ಕಂಡು ಬೆರಗಾಗಿ ಪುಟ ತುಂಬಿಸುತ್ತದೆ. ಈಗ ಅಲ್ಲಿರುವುದು ಆ ಹಳೆಯ ಸಮುದ್ರದ ಒಂದು ಮೂಲೆ ಮಾತ್ರ. ಪ್ರವಾಸಿಗರು ಬೀಳುವ ನೀರನ್ನು ನೋಡಿ ಹಿಂತಿರುಗುತ್ತಾರೆ. ಒಡೆದ ದೊಡ್ಡ ಕೆರೆಯ ಒಣಗಿದ ಅಂಗಳ ನೂರಾರು ವರ್ಷದ ಗೋಡು ಹಾಸಿದ ಹೊಲ ಎಂಬುದು ಅವರ ಲಕ್ಷ್ಯಕ್ಕೆ ಬರುವುದಿಲ್ಲ.

ಕಟ್ಟಳೆ ಸಡಿಲವಾದದ್ದು ಕಂಪನಿ ಸರಕಾರದ ಕಾಲಕ್ಕೆ. ಇದಕ್ಕೆ ಒಂದೇ ಖಳನಾಯಕನನ್ನು ಹುಡುಕುವ ಅಭ್ಯಾಸ ನನಗೆ ಹಿಡಿಸದು. 1840ರ ದಶಕದಲ್ಲಿ ವಿಂಗೇಟನ ಸರ್ವೆ ಹೊಲ ಹೊಲವನ್ನೂ ಅಳೆದು ರೈತನ ಹೆಸರಿಗೆ ಕಂದಾಯ ನಿಗದಿ ಮಾಡಿತು. ರೈತನಿಗೆ ಅದರಲ್ಲಿ ನೆಮ್ಮದಿಯೂ ಇತ್ತು. ಆದರೆ ಊರು ಒಟ್ಟಾಗಿ ಹೊರುತ್ತಿದ್ದ ಹೊಣೆ ಆ ದಫ್ತರದಲ್ಲಿ ಸರಿಯಾಗಿ ಕೂರಲಿಲ್ಲ. 1852ರ ಇನಾಂ ಕಾಯಿದೆ ದಕ್ಷಿಣ ಮರಾಠಾ ಸೀಮೆಯ ಕಂದಾಯವಿಲ್ಲದ ಭೂಮಿಗಳ ದಾಖಲೆ ಕೇಳಿತು. ದಾಖಲೆ ತೋರದವರ ಭೂಮಿಗೆ ಕಂದಾಯ ಬಿತ್ತು. ಕಾಗದವಿಲ್ಲದ ಸೇವೆ ಎಂಬುದೇ ಅನುಮಾನದ ವಸ್ತುವಾದ ಮೇಲೆ ಕೆರೆಬಂಡಿಯಂಥ ದತ್ತಿಗೆ ಜಾಗ ಎಲ್ಲಿ?

ಅದೇ ದಶಕಗಳಲ್ಲಿ ಅಮೆರಿಕದ ಹತ್ತಿ ಬಂತು. ಸರಕಾರವೇ ಬೀಜ ತರಿಸಿ ಧಾರವಾಡ ಸೀಮೆಯಲ್ಲಿ ಹಬ್ಬಿಸಿದ ಆ ತಳಿ ‘ಧಾರವಾಡ-ಅಮೆರಿಕನ್’ ಎಂದೇ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಅದರ ಬೆಲೆ ಏರಿದ್ದು ಎಲ್ಲರಿಗೂ ಗೊತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಬಂದ ಮೇಲೆ ಹರಿಹರ–ಹುಬ್ಬಳ್ಳಿ ನಡುವೆ ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ ಒಂದೇ ದಾರದಲ್ಲಿ ಪೋಣಿಸಿದಂತಾದವು. ಮೂರೂ ಪೇಟೆಗಳು ಈಗಿನ ರೂಪ ಪಡೆದದ್ದು ಆಗಲೇ. ಅರಳೆಯೆಂಬ ಸರಕು ಮಣ್ಣಿನ ಸತ್ವವನ್ನು ಅಷ್ಟೇನೂ ಒಯ್ಯುವುದಿಲ್ಲ, ಹತ್ತಿಕಾಳು ಊರಿನ ದನಕ್ಕೇ ಬೀಳುತ್ತಿತ್ತು. ನಷ್ಟ ಬೇರೆ ಕಡೆಯಿಂದ ಬಂತು. ಬೆಲೆ ಬಂದಾಗ ಹುಲ್ಲುಗಾವಲು ಉತ್ತರು, ದನ ಮೇಯುವ ನೆಲ ಕಿರಿದಾಯಿತು, ಗೊಬ್ಬರ ಕಮ್ಮಿಯಾಯಿತು.

ಮೆಣಸಿನಕಾಯಿಯ ಮಾತು ಇಲ್ಲಿ ಬರಲೇಬೇಕು. ಬ್ಯಾಡಗಿ ಎಂದರೆ ಡಬ್ಬಿ, ಕಡ್ಡಿ ಎಂಬ ಎರಡು ಬಗೆ. ಖಾರ ಕಮ್ಮಿ, ಬಣ್ಣ ಗಾಢ, ಸಿಪ್ಪೆಯಲ್ಲಿ ಸುಕ್ಕು. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂತು. ಅದರ ಬಣ್ಣದ ಎಣ್ಣೆ ತುಟಿಗೆ ಹಚ್ಚುವ ಬಣ್ಣದವರೆಗೂ ಹೋಗುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಇಂದು ಬರುವ ಕಾಯಿಯಲ್ಲಿ ಬಹುಪಾಲು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯದು. ಹೆಸರು ಕೊಟ್ಟ ನೆಲದಲ್ಲಿ ಈಗ ಗೋವಿನಜೋಳ, ಬಿಟಿ ಹತ್ತಿ. ರೋಗ, ಬೆಲೆ, ಕೂಲಿ ಎಂದು ಕಾರಣ ಹಲವು ಹೇಳುತ್ತಾರೆ, ಎಲ್ಲವೂ ನಿಜ. ಆದರೆ ಮಳೆಯಾಶ್ರಿತ ಮೆಣಸಿನಗಿಡಕ್ಕೆ ಎರಡು ಮಳೆಗಳ ನಡುವೆ ತೇವ ಹಿಡಿದಿಡುವ ಮಣ್ಣು ಬೇಕು. ಆ ಹಿಡಿತ ಬರುವುದು ಜೇಡಿಯಿಂದ, ಸಾವಯವ ಅಂಶದಿಂದ. ಮಣ್ಣು ಸಡಿಲಗೊಂಡ ಹೊಲದಲ್ಲಿ ಮೆಣಸಿಗಿಂತ ಗೊಬ್ಬರ ಎರಚಿದರೆ ಎದ್ದುನಿಲ್ಲುವ ಗೋವಿನಜೋಳವೇ ಭದ್ರ ಎಂದು ರೈತ ಲೆಕ್ಕ ಹಾಕಿದ್ದರೆ ತಪ್ಪೇನಿದೆ?

ಇಪ್ಪತ್ತನೇ ಶತಮಾನದ ಎರಡನೆಯ ಅರ್ಧ ಕೆರೆಗೆ ನಿಧಾನದ ಸಾವು ತಂದಿತು. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ರೂಪಿಸಿದ ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿ ಬಂತು. ರಾಣೇಬೆನ್ನೂರು ಬೀಜೋತ್ಪಾದನೆಯ ಪೇಟೆಯಾಯಿತು. ಕೊಳವೆಬಾವಿ ಬಂತು. ಎತ್ತು ಕಮ್ಮಿಯಾಗಿ ಟ್ರ್ಯಾಕ್ಟರ್ ಬಂತು. ನೀರಿಗೆ ಕೆರೆಯನ್ನೂ ಸತ್ವಕ್ಕೆ ಗೋಡನ್ನೂ ಕಾಯಬೇಕಾದ ಅಗತ್ಯ ಒಟ್ಟಿಗೇ ತಪ್ಪಿತು. ಊರವರನ್ನು ಇದಕ್ಕೆ ದೂರುವುದು ಸುಲಭ. ತಲೆಯ ಮೇಲೆ ಕೆಸರಿನ ಪುಟ್ಟಿ ಹೊತ್ತವರಲ್ಲಿ ಹೆಚ್ಚಿನವರು ಯಾವ ಜಾತಿಯವರು, ಆ ಗೋಡು ಯಾರ ಹೊಲಕ್ಕೆ ಹೋಗುತ್ತಿತ್ತು ಎಂದು ಕೇಳಿದರೆ ಹಳೆಯ ವ್ಯವಸ್ಥೆಯ ಬಗ್ಗೆ ನಿಟ್ಟುಸಿರು ಬಿಡುವವರು ಸ್ವಲ್ಪ ತಡವರಿಸಬೇಕಾಗುತ್ತದೆ. ಯೂರಿಯಾ ಚೀಲ ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲದ ಗೊಬ್ಬರವಾಗಿ ಬಂತು ಎಂಬುದೂ ಚರಿತ್ರೆಯೇ.

ಕೆರೆಗೆ ನೀರು ಕಳಿಸುವ ಮೇಲ್ನೆಲದ ಕತೆ ಇನ್ನೊಂದು. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು, ವಿಸ್ತೀರ್ಣ 119 ಚದರ ಕಿಲೋಮೀಟರ್. ಕೃಷ್ಣಮೃಗ ಹುಲ್ಲುಬಯಲಿನ ಪ್ರಾಣಿ. ಆದರೂ ಅಭಯಾರಣ್ಯದ ದೊಡ್ಡ ಭಾಗದಲ್ಲಿ ಬೆಳೆದು ನಿಂತದ್ದು ನೀಲಗಿರಿ. ಹುಲ್ಲುಗಾವಲಿನ ಇಂಗಾಲ ಹೆಚ್ಚಾಗಿ ನೆಲದೊಳಗೆ, ಬೇರಿನಲ್ಲಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಬಂಜರು ಎಂದು ಬರೆದುಕೊಳ್ಳುವುದು ದಫ್ತರದ ಹಳೆಯ ರೂಢಿ. 1984ರಲ್ಲಿ ಕರ್ನಾಟಕ ಸರಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿ, ಹಲವು ಜಿಲ್ಲೆಗಳ ಸುಮಾರು 75 ಸಾವಿರ ಎಕರೆ ಊರುಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟದ್ದು ಇದೇ ರೂಢಿಯ ಮುಂದುವರಿಕೆ. ದನ ಮೇಯುವ, ಸೌದೆ ಆಯುವ, ಕೆರೆಗೆ ನೀರು ಇಳಿಸುವ ನೆಲ ಅದು. ಶಿವರಾಮ ಕಾರಂತರು ಮೊದಲ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ ಸುಮಾರು 2,000 ಜನ ಸೇರಿದರು. ನೂರರಷ್ಟು ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಊರಿಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದೇ ಅದಕ್ಕೆ ಹೆಸರು. ಕೆಲವೇ ವರ್ಷಗಳಲ್ಲಿ ಕಂಪನಿ ಮುಚ್ಚಿತು. ಉತ್ತರ ಕನ್ನಡದ ಅಪ್ಪಿಕೋ ಚಳವಳಿಯನ್ನು ಪಠ್ಯದಲ್ಲಿ ಓದುವ ನಮ್ಮ ವಿದ್ಯಾರ್ಥಿಗಳಿಗೆ ಕುಸನೂರು ಗೊತ್ತಿರುವುದು ಅಪರೂಪ. ಅಪ್ಪಿಕೋದಲ್ಲಿ ಮರವನ್ನು ಅಪ್ಪಿಕೊಂಡರು, ಇಲ್ಲಿ ಕಿತ್ತರು. ಕೀಳುವುದರ ಚಿತ್ರ ಭಿತ್ತಿಪತ್ರಕ್ಕೆ ಚೆನ್ನಾಗಿ ಒಗ್ಗುವುದಿಲ್ಲವೇನೋ.

ಹಾಗೇ ಇನ್ನೊಂದು ದಿನ, 2008ರ ಜೂನ್ 10. ಮುಂಗಾರು ಬಂದು ಬಿತ್ತನೆ ಶುರುವಾಗಿತ್ತು, ಗೊಬ್ಬರ ಸಿಗುತ್ತಿರಲಿಲ್ಲ. ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಅಂದಿನ ಪತ್ರಿಕೆಗಳು ಪೂರೈಕೆ, ಕಾಳದಂಧೆ, ಹೊಸ ಸರಕಾರದ ಎಡವಟ್ಟು ಎಂದು ಬರೆದವು. ಅವೆಲ್ಲ ಸರಿ. ಕೆರೆಯ ದಂಡೆಯಿಂದ ನೋಡಿದರೆ ಆ ಜೂನ್ ತಿಂಗಳಿಗೆ ಇನ್ನೂ ಉದ್ದದ ಹಿನ್ನೆಲೆ ಕಾಣುತ್ತದೆ. ತನ್ನ ಊರಿನ ಕೆಸರಿನಿಂದ, ತಿಪ್ಪೆಯಿಂದ ಒಂದು ಹಂಗಾಮನ್ನಾದರೂ ದಾಟಿಸಬಲ್ಲ ಹೊಲ, ಚೀಲ ಎರಡು ವಾರ ತಡವಾದರೆ ಬದುಕೇ ಮುಳುಗುವ ಹೊಲವಾಗಲು ಒಂದು ಶತಮಾನ ಹಿಡಿದಿತ್ತು. ಅಂದು ಬೀದಿಯಲ್ಲಿದ್ದವರ ಅವಸರ ಅಸಹನೆಯದಲ್ಲ, ಹದದ್ದು.

ಆ ಹೊತ್ತಿಗೆ ಮಣ್ಣಿನ ಪರೀಕ್ಷೆಗಳು ನಡೆದಿದ್ದವು. ವಿಶ್ವಬ್ಯಾಂಕಿನ ನೆರವಿನ ‘ಸುಜಲ’ ಜಲಾನಯನ ಯೋಜನೆ 2001ರಲ್ಲಿ ಆರಂಭವಾದಾಗ ಐದು ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. 2009ರಲ್ಲಿ ಇಕ್ರಿಸ್ಯಾಟ್ ಸಂಸ್ಥೆಯ ಜೊತೆ ರಾಜ್ಯ ಸರಕಾರ ಆರಂಭಿಸಿದ ‘ಭೂಚೇತನ’ದ ಮೊದಲ ಆರು ಜಿಲ್ಲೆಗಳಲ್ಲೂ ಇದು ಸೇರಿತ್ತು. ರೈತರ ಹೊಲಗಳಿಂದ ತೆಗೆದ ಮಣ್ಣಿನಲ್ಲಿ ಸತು, ಬೋರಾನ್, ಗಂಧಕದ ಕೊರತೆ ವ್ಯಾಪಕವಾಗಿ ಕಂಡಿತು, ಸಾವಯವ ಇಂಗಾಲವೂ ಕಮ್ಮಿ ಇತ್ತು. ನಮ್ಮ ಪ್ರಯೋಗಾಲಯಗಳ ಅಳತೆಯಲ್ಲಿ ಶೇ. 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’, ಶೇ. 0.75 ದಾಟಿದರೆ ‘ಹೆಚ್ಚು’.

ಈ ಕಾಲು ಅಂಶದ ತೂಕವೆಷ್ಟು? ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 800 ಟನ್. ಶೇ. 0.5 ಎಂದರೆ 4 ಟನ್ ಇಂಗಾಲ, ಶೇ. 0.75 ಎಂದರೆ 6. ಅರ್ಧ ಟನ್ ಹಿಡಿಯುವ ಎತ್ತಿನ ಗಾಡಿಯಲ್ಲಿ ನೂರು ಗಾಡಿ ಗೋಡು ಹೇರಿದರೆ 50 ಟನ್ ಮಣ್ಣು. ಅದರಲ್ಲಿ ಶೇ. 1ರಷ್ಟು ಇಂಗಾಲವಿದೆ ಎಂದುಕೊಂಡರೂ ಎಕರೆಗೆ ಸೇರುವುದು ಅರ್ಧ ಟನ್. ‘ಕೆರೆಮಣ್ಣು ಹಾಕಿ, ಮಣ್ಣು ಮರಳಿ ಜೀವ ಪಡೆಯುತ್ತದೆ’ ಎಂದು ಭಾಷಣ ಮಾಡುವವರು ಈ ಲೆಕ್ಕ ಒಮ್ಮೆ ಹಾಕಬೇಕು. ಗೋಡು ಇಂಗಾಲದ ಚೀಲವಲ್ಲ. ಅದರ ನಿಜವಾದ ಕೆಲಸ ಜೇಡಿಯದು. ಮಸಾರಿಗೆ ಸೇರಿದ ಜೇಡಿ ತೇವ ಹಿಡಿಯುತ್ತದೆ, ಕೊಳೆತ ಬೇರಿನ ಅಂಶವನ್ನು ತನಗೆ ಅಂಟಿಸಿಕೊಂಡು ಸೂಕ್ಷ್ಮಜೀವಿಗಳ ಬಾಯಿಗೆ ಬೇಗ ಸಿಗದಂತೆ ಕಾಯುತ್ತದೆ. ತೇವ ಹೆಚ್ಚಾದರೆ ಬೆಳೆ ಹೆಚ್ಚು, ಬೆಳೆ ಹೆಚ್ಚಾದರೆ ಬೇರು ಹೆಚ್ಚು. ಆ ದಂಟು, ಬೇರು ಹೊಲದಲ್ಲೇ ಉಳಿದರೆ ಮಾತ್ರ ಇಂಗಾಲ ಕೂಡುತ್ತದೆ. ಗೋವಿನಜೋಳದ ದಂಟಿಗೆ ಬೆಂಕಿ ಇಟ್ಟು ಪಕ್ಕದಲ್ಲೇ ಗೋಡು ಸುರಿದರೆ ಫಲ ಅಷ್ಟಕ್ಕಷ್ಟೇ.

ಇನ್ನೊಂದು ತೊಡಕು ಹೋಮ್ ಫೆನ್ಸಿನ ಕಂಬ ಹೇಳಿದ್ದೇ. ನೀರಿನಡಿ ಉಳಿದ ಇಂಗಾಲ ಗಾಳಿಗೆ ಬಂದರೆ ಕರಗುತ್ತದೆ. ಎತ್ತಿದ ಗೋಡನ್ನು ದಂಡೆಯ ಮೇಲೆ ಗುಡ್ಡೆ ಹಾಕಿ ವರ್ಷಗಟ್ಟಲೆ ಒಣಗಿಸಿದರೆ ಒಂದು ಪಾಲು ಅಲ್ಲೇ ಹೋಯಿತು, ಇನ್ನೊಂದು ಪಾಲು ಮುಂದಿನ ಮಳೆಗೆ ಮರಳಿ ಕೆರೆಗೇ ಬಂತು. ಕೆರೆಯಲ್ಲೇ ಬಿಟ್ಟರೂ ಪೂರ್ತಿ ಕ್ಷೇಮವಿಲ್ಲ, ನಿಂತ ನೀರಿನ ಕೆಸರು ಮೀಥೇನ್ ಬಿಡುತ್ತದೆ. ಪ್ರತಿ ಬೇಸಿಗೆ ಸ್ವಲ್ಪ ಎತ್ತು, ಎತ್ತಿದ್ದನ್ನು ಮಳೆಗೆ ಮುಂಚೆ ಹರಡು ಎಂಬ ಹಳೆಯ ನಡೆ ಈ ಎರಡಕ್ಕೂ ನಡುವಿನ ದಾರಿಯಾಗಿತ್ತು.

2002ರಿಂದ ಜಲ ಸಂವರ್ಧನೆ ಯೋಜನಾ ಸಂಘ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ ಹೂಳೆತ್ತಿಸಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ಯೂ ರಾಜ್ಯದ ಹಲವೆಡೆ ಮಾಡಿದೆ. ಕೆಲಸ ಆಗಿಲ್ಲ ಎನ್ನಲಾರೆ. ನನ್ನ ತಕರಾರು ಅಳತೆಯ ಬಗ್ಗೆ. ಯೋಜನಾ ವರದಿ ಎಷ್ಟು ಘನಮೀಟರ್ ಹೂಳು ಹೊರಬಂತು, ಕೆರೆಯಲ್ಲಿ ಎಷ್ಟು ನೀರು ಹೆಚ್ಚಿಗೆ ನಿಲ್ಲುತ್ತದೆ ಎಂದು ಬರೆಯುತ್ತದೆ. ಆ ಮಣ್ಣು ಯಾರ ಹೊಲ ಸೇರಿತು, ಮಸಾರಿಗೆ ಹೋಯಿತೋ ಎರೆಗೋ ಇಟ್ಟಿಗೆ ಭಟ್ಟಿಗೋ ಎಂಬುದು ಅದರ ವಿಷಯವಲ್ಲ. ಟಿಪ್ಪರ್ ಬಾಡಿಗೆ ಕೊಡಬಲ್ಲವನ ಹೊಲಕ್ಕೆ ಗೋಡು ದೂರವಾದರೂ ತಲುಪುತ್ತದೆ. ಎರಡು ಎಕರೆ ಮಸಾರಿಯವನಿಗೆ ಕೆರೆ ಪಕ್ಕದಲ್ಲೇ ಇದ್ದರೂ ತಲುಪುವುದಿಲ್ಲ. ಕಾನೂನಿನ ಕಣ್ಣಿಗೆ ಇಟ್ಟಿಗೆ ಮಣ್ಣು ಒಂದು ಉಪಖನಿಜ, ಅದಕ್ಕೆ ರಾಜಧನವುಂಟು. 40 ಹೆಕ್ಟೇರಿಗಿಂತ ಕಮ್ಮಿ ಅಚ್ಚುಕಟ್ಟಿನ ಕೆರೆ ಪಂಚಾಯಿತಿಗೆ, ಅದಕ್ಕೂ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ. ಹೊಲದ ಇಂಗಾಲ ಕೃಷಿ ಇಲಾಖೆಗೆ. ಮೇಲಿನ ಗುಡ್ಡ ಅರಣ್ಯ ಇಲಾಖೆಗೆ. ಒಂದು ಮಳೆಹನಿ ಗುಡ್ಡದಿಂದ ಗದ್ದೆಗೆ ಇಳಿಯುವಷ್ಟರಲ್ಲಿ ನಾಲ್ಕು ಕಚೇರಿ ದಾಟುತ್ತದೆ.

2015ರಿಂದ ರೈತರಿಗೆ ಮಣ್ಣು ಆರೋಗ್ಯ ಚೀಟಿ ಕೊಡುತ್ತಿದ್ದಾರೆ. 12 ಸಾಲುಗಳಲ್ಲಿ ಒಂದು ಸಾಲು ಸಾವಯವ ಇಂಗಾಲ. ಕೆಳಗೆ ಯೂರಿಯಾ ಇಷ್ಟು ಕಿಲೋ, ಡಿಎಪಿ ಇಷ್ಟು, ಪೊಟ್ಯಾಷ್ ಇಷ್ಟು, ಕೊಟ್ಟಿಗೆ ಗೊಬ್ಬರ ಇಷ್ಟು ಟನ್ ಎಂಬ ಶಿಫಾರಸು. ಕೊಟ್ಟಿಗೆಯಲ್ಲಿ ಈಗ ಟ್ರ್ಯಾಕ್ಟರ್ ನಿಂತಿದೆ. ಊರ ಕೆರೆಯ ಏರಿಯ ಬುಡದ ಜೇಡಿಯನ್ನೂ ಅದೇ ಚೀಟಿಯಲ್ಲಿ ಪರೀಕ್ಷಿಸಿ, ಯಾವ ಸರ್ವೆ ನಂಬರಿನ ಮಸಾರಿಗೆ ಎಷ್ಟು ಗಾಡಿ, ಸಣ್ಣ ಹಿಡುವಳಿಯವನಿಗೆ ಮೊದಲ ಸರದಿ ಎಂದು ಬರೆದು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲು ದೊಡ್ಡ ಯೋಜನೆಯೇನೂ ಬೇಕಿಲ್ಲ. ಹೂಳೆತ್ತುವ ಟೆಂಡರಿಗೆ ಮುಂಚೆ, ಮಾರ್ಚ್ ತಿಂಗಳಲ್ಲಿ, ಕೆರೆಯ ನೀರು ತಳಕಂಡಾಗ ಆಗಬೇಕಾದ ಕೆಲಸ ಅದು.